ಮಸಿ ಮುಚ್ಚಿದ ತೂತು

ಮೀಟರ್ ಈಗ ಸರಿಯಾಗಿಯೇ ತೋರಿಸುತ್ತಿತ್ತು. ವಿಶ್ವಾರಾಧ್ಯನಿಗೆ ಸಹಿಸಲಾಗದೆ ಇದ್ದದ್ದು ಅದೇ. ನಿದಿಗೆ ದಾಟಿ ಭದ್ರಾವತಿಯ ರಸ್ತೆಯಲ್ಲಿ ಕಾರು ಅರವತ್ತರ ಹದಕ್ಕೆ ಬಂದ ಮೇಲೆ, ಸ್ಟೀರಿಂಗಿನ ಪಕ್ಕದಲ್ಲಿ ಅವನೇ ಕೂಡಿಸಿದ್ದ ದುಂಡು ಮೀಟರಿನಲ್ಲಿ ಹದಿನಾಲ್ಕು ಪಾಯಿಂಟ್ ಏಳು ಎಂಬ ಕೆಂಪು ಅಂಕಿ ಮೂಡಿ, ಒಂದಿಷ್ಟು ಆಚೀಚೆ ಅಲುಗಿ, ಮತ್ತೆ ಅಲ್ಲೇ ಬಂದು ನಿಲ್ಲುತ್ತಿತ್ತು. ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕು ಚಿಲ್ಲರೆ ಪಾಲು ಗಾಳಿ. ಇಂಜಿನ್ನು ಕೇಳುವುದು ಅಷ್ಟೇ. ಎರಡು ತಿಂಗಳು ಈ ಅಂಕಿಗೋಸ್ಕರ ಅವನು ಹೊತ್ತಿಗೆ ಸರಿಯಾಗಿ ಊಟ ಮಾಡಿರಲಿಲ್ಲ, ಹೆಂಡತಿ ಶಾಂಭವಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಒಂದನ್ನೂ ಕೇಳಿಸಿಕೊಂಡಿರಲಿಲ್ಲ, ಒಬ್ಬ ಮುದುಕನ ಮಾನ ಕಳೆದಿದ್ದ. ಈಗ ಅಂಕಿ ಬಂದಿತ್ತು. ಕಳೆದದ್ದು ಬಂದಿರಲಿಲ್ಲ. ಭಾನುವಾರದ ಬೆಳಗ್ಗೆ ರಸ್ತೆ ಖಾಲಿಯಾಗಿತ್ತು. ಸೋಗಾನೆಯ ಕಡೆ ವಿಮಾನವೊಂದು ತಗ್ಗಿನಲ್ಲಿ ಇಳಿಯುತ್ತಿರುವುದನ್ನು ನೋಡಿ, ಅದರ ಪೈಲಟ್ಟು ತನ್ನ ಮೀಟರುಗಳನ್ನು ಎಷ್ಟು ನಂಬುತ್ತಾನೋ ಎಂದುಕೊಂಡ. ನಂಬದೆ ಅವನಿಗೆ ಬೇರೆ ದಾರಿ ಇಲ್ಲ. ತನಗೆ ದಾರಿ ಇತ್ತು.

ಕಾರು ಅವನದಲ್ಲ, ಮಲ್ಲೇಶನದು. ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆ ಸೈಟು ಮಾಡಿ ಮಾರಿ ಮೇಲೆದ್ದ ಮಲ್ಲೇಶ, ಹೊಸ ಕಾರು ಎರಡಿದ್ದರೂ, ತಾನು ಕಷ್ಟದಲ್ಲಿದ್ದಾಗ ಓಡಿಸಿದ ಈ ಹದಿನೈದು ವರ್ಷದ ಹಳೆಯ ಕಾರಿಗೆ ಟರ್ಬೊ ಹಾಕಿಸಿ, ಇದರಲ್ಲೇ ಎಲ್ಲರನ್ನೂ ಹಿಂದೆ ಹಾಕಬೇಕು ಎಂದು ಹಟ ಹಿಡಿದವನು. ಇಂಥವರು ಬರುವುದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿರುವ ವಿಶ್ವಾರಾಧ್ಯನ ಶೆಡ್ಡಿಗೇ. ಮೆಕ್ಯಾನಿಕ್ ಎನ್ನಿಸಿಕೊಳ್ಳುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಬೋರ್ಡಿನಲ್ಲಿ ಟ್ಯೂನರ್ ಎಂದು ಬರೆಸಿದ್ದ. ಅದನ್ನು ಓದಿ ಒಬ್ಬ ಭಜನಾ ಮಂಡಳಿಯವನು ಹಾರ್ಮೋನಿಯಂ ಹೊತ್ತು ತಂದು, ಎರಡು ಮನೆ ಅಪಸ್ವರ ಹೊಡೀತಿವೆ ಎಂದು ಮುಂದಿಟ್ಟಿದ್ದ. ವಿಶ್ವಾರಾಧ್ಯ ನಕ್ಕು ಕಳಿಸಿದ್ದರೂ ಬೋರ್ಡು ಬದಲಾಯಿಸಲಿಲ್ಲ. ತನ್ನ ಕೆಲಸವೂ ಶ್ರುತಿ ಹಿಡಿಯುವ ಕೆಲಸವೇ, ತನ್ನ ಕಿವಿ ಇನ್ನೂ ಸೂಕ್ಷ್ಮ ಎಂಬ ಅಭಿಪ್ರಾಯ ಅವನಿಗಿತ್ತು.

ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂಡಿಸಿದ ಕಾರಿನಲ್ಲಿ ಗಾಳಿಗೂ ಪೆಟ್ರೋಲಿಗೂ ಹದ ತಪ್ಪಿದರೆ ಪಿಸ್ಟನ್ನು ಕರಗುತ್ತದೆ. ಹಾಗಾಗಿ ಸೈಲೆನ್ಸರ್ ಪೈಪಿನೊಳಗೆ ಮೂತಿ ತೂರಿಸಿಕೊಂಡು ಕೂತು, ಇಂಜಿನ್ ಬಿಟ್ಟ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಒಂದನ್ನು ಹಾಕಿದ್ದ. ಹಾಕಿದ ಮೊದಲ ದಿನದಿಂದಲೂ ಅದು ಲೀನ್ ಎಂದೇ ತೋರಿಸಿತು. ಅಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ವಿಶ್ವಾರಾಧ್ಯ ಲ್ಯಾಪ್‌ಟಾಪ್ ಇಟ್ಟುಕೊಂಡು ಪೆಟ್ರೋಲು ಹೆಚ್ಚಿಸಿದ. ಮೀಟರ್ ಇನ್ನೂ ಲೀನ್ ಎಂದಿತು. ಮತ್ತೆ ಹೆಚ್ಚಿಸಿದ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಅಡಿ ಹಿಡಿದ ಪಾತ್ರೆಯ ಹಾಗೆ ಕಪ್ಪಗಾಗಿದ್ದವು. ಪೆಟ್ರೋಲು ಹೆಚ್ಚಾಗಿ ಸುಡದೆ ಉಳಿದರೆ ಮಾತ್ರ ಕಟ್ಟುವ ಮಸಿ ಅದು, ಕೆಲಸ ಕಲಿತ ಮೊದಲ ವಾರದಲ್ಲೇ ಎಲ್ಲರೂ ತಿಳಿದುಕೊಳ್ಳುವಂಥದ್ದು. ಮಸಿ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಹತ್ತುತ್ತಿತ್ತು, ಮೂಗಿಗೆ ನಾರುತ್ತಿತ್ತು. ಆದರೆ ಮೀಟರ್ ಅಂಕಿಯಲ್ಲಿ ಮಾತಾಡುತ್ತಿತ್ತು. ಮಸಿಗೆ ಅಂಕಿ ಇರಲಿಲ್ಲ. ಎರಡೂ ನಿಜವಾಗಬೇಕಾದರೆ ಒಂದೇ ಕಾರಣ ಉಳಿಯಿತು. ಸೆನ್ಸರಿಗಿಂತ ಮುಂಚೆ ಪೈಪಿನಲ್ಲಿ ಎಲ್ಲೋ ಒಂದು ಸಣ್ಣ ತೂತಿದೆ, ಅದರಿಂದ ಹೊರಗಿನ ಗಾಳಿ ಒಳಗೆ ಹೋಗಿ ಸೆನ್ಸರನ್ನು ದಾರಿ ತಪ್ಪಿಸುತ್ತಿದೆ. ಪೈಪಿಗೆ ಬೆಸುಗೆ ಹಾಕಿದವನು ಸುಬ್ಬಪ್ಪ.

ಸುಬ್ಬಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ವೆಲ್ಡರಾಗಿದ್ದು ನಿವೃತ್ತನಾದವನು. ಜನ್ನಾಪುರದ ಮನೆಯ ಪಕ್ಕದಲ್ಲೇ ಒಂದು ಶೀಟು ಇಳಿಬಿಟ್ಟುಕೊಂಡು ಗೇಟು, ಕಿಟಕಿಯ ಗ್ರಿಲ್ಲು ಮಾಡುತ್ತಿದ್ದ. ತೆಳು ಸ್ಟೀಲಿನ ಪೈಪಿಗೆ ಆರ್ಗಾನ್ ಅನಿಲದ ಬೆಸುಗೆ ಹಾಕಬಲ್ಲ ಕೈ ಎರಡು ಊರಿನಲ್ಲೂ ಅವನದೊಂದೇ ಎಂದು ಹೇಳುತ್ತ ಬಂದವನು ವಿಶ್ವಾರಾಧ್ಯನೇ. ಬಿಗಿಯಾಗಿ ಹೆಣೆದ ಹೆರಳಿನ ಹಾಗೆ ಇರುತ್ತಿತ್ತು ಆ ಬೆಸುಗೆ. ಪೈಪಿನ ಬಾಯಿ ಕಟ್ಟಿ, ಒಳಗೆ ಗಾಳಿ ತುಂಬಿ, ಸೋಪಿನ ನೀರು ಸವರಿ ನೋಡಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ತಣ್ಣಗಿದ್ದಾಗ ಎಲ್ಲಿ ಏಳುತ್ತದೆ, ಬಿಸಿಯಾದಾಗ ಬಾಯಿ ಬಿಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಫೋನಿನಲ್ಲಿ ಅವನಿಗೂ ಅದನ್ನೇ ಹೇಳಿ ಕರೆಸಿದ. ಮುದುಕ ಬಸ್ಸಿನಲ್ಲಿ ಬಂದು, ತಾನು ಹಾಕಿದ್ದನ್ನು ತಾನೇ ಗ್ರೈಂಡರಿನಲ್ಲಿ ತೇದು ತೆಗೆದು, ಮತ್ತೆ ಹಾಕಿಕೊಟ್ಟ. ಮೀಟರ್ ಲೀನ್ ಎಂದಿತು. ಆ ಹೊತ್ತಿಗೆ ಮಲ್ಲೇಶ ಬಂದು ನಿಂತಿದ್ದ. ಇನ್ನೂ ಆಗಿಲ್ವಾ ಮಾರಾಯ, ನೀನೇನು ಕಾರು ರಿಪೇರಿ ಮಾಡ್ತಿದೀಯೋ ಇಲ್ಲಾ ಪೂಜೆ ಮಾಡ್ತಿದೀಯೋ ಎಂದು ನಗುತ್ತಲೇ ಕೇಳಿದ. ಆ ನಗು ತನಗೆ ತಗುಲುವ ಮುಂಚೆ ಯಾರಿಗಾದರೂ ದಾಟಿಸಬೇಕಾಗಿತ್ತು. ಎಂಟು ವರ್ಷ ಸುಬ್ಬಪ್ಪಣ್ಣ ಎಂದು ಕರೆದ ಬಾಯಿ ಆವತ್ತು ಕೊನೆಯ ಅಕ್ಷರವನ್ನು ನುಂಗಿಕೊಂಡಿತು.

"ಕಣ್ಣು ಕಾಣ್ದಿದ್ರೆ ಈ ಕೆಲಸ ಬಿಟ್ಬಿಡ್ಬೇಕು ಸುಬ್ಬಪ್ಪ. ನಮ್ಮ ಹೆಸರೂ ಹಾಳು."

ಸುಬ್ಬಪ್ಪ ಕೈಗವಸು ಕಳಚಿ ಒಂದರ ಮೇಲೊಂದು ಇಟ್ಟು, ಚೀಲದಲ್ಲಿ ಹಾಕಿಕೊಂಡು, ಬಸ್‌ಸ್ಟ್ಯಾಂಡಿಗೆ ಆಟೋ ಎಲ್ಲಿ ಸಿಗುತ್ತದೆ ಎಂದು ಮಲ್ಲೇಶನನ್ನು ಕೇಳಿ ಹೋದ. ವಿಶ್ವಾರಾಧ್ಯನನ್ನು ಕೇಳದೆ ಮಲ್ಲೇಶನನ್ನು ಕೇಳಿದ್ದು ಎರಡು ತಿಂಗಳು ಅವನ ತಲೆಯಲ್ಲಿ ಕೂತಿತ್ತು.

ನಿನ್ನೆ ಶನಿವಾರ, ಸದ್ಯಕ್ಕೆಂದು ಹಾಗೇ ಓಡಿಸುತ್ತಿದ್ದ ಕಾರು ಪ್ಲಗ್ಗು ಮಸಿಗಟ್ಟಿ ದಾರಿಯಲ್ಲೇ ನಿಂತಿತೆಂದು ಮಲ್ಲೇಶ ಎಳೆಸಿಕೊಂಡು ಬಂದು ಬಿಟ್ಟುಹೋದ. ಪ್ಲಗ್ಗು ಬದಲಾಯಿಸಿ, ವೈರುಗಳನ್ನೆಲ್ಲ ನೋಡಿ, ಸೆನ್ಸರಿನ ಅರ್ತ್ ವೈರನ್ನು ಬೇರೆ ಕಡೆ ಕೊಟ್ಟು, ಏನೂ ಸಿಗದೆ, ತಲೆ ಕೆಟ್ಟು ಗಾಜನೂರಿನ ಕಡೆ ಓಡಿಸಿಕೊಂಡು ಹೋದ. ಅಣೆಕಟ್ಟಿನ ದಂಡೆಯ ಹತ್ತಿರ ನಿಲ್ಲಿಸಿದಾಗ ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ಸೆನ್ಸರನ್ನು ಪೈಪಿನಿಂದ ಬಿಚ್ಚಿ, ವೈರಿನ ಸಮೇತ ಎತ್ತಿ ಆ ಗಾಳಿಗೆ ಹಿಡಿದ. ಯಾಕೆ ಹಿಡಿದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಬರೀ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು. ಆಮ್ಲಜನಕದ ಲೆಕ್ಕಕ್ಕೆ ತಿರುಗಿಸಿದ ಮೀಟರ್ ಇಪ್ಪತ್ತಮೂರೂವರೆ ತೋರಿಸಿತು. ಭೂಮಿಯ ಮೇಲೆ ಎಲ್ಲೂ ಇಲ್ಲದ ಗಾಳಿ. ವಿಶ್ವಾರಾಧ್ಯ ಸೆನ್ಸರ್ ಎತ್ತಿ ಹಿಡಿದುಕೊಂಡು ನಿಂತೇ ಇದ್ದ. ಅಡ್ಡಾಡಲು ಬಂದಿದ್ದ ದಂಪತಿಗಳು ಏನೋ ಆರತಿ ಎತ್ತುತ್ತಿದ್ದಾನೆ ಎಂದುಕೊಂಡರೋ ಏನೋ, ಸ್ವಲ್ಪ ದೂರ ಸರಿದು ದಾಟಿದರು.

ಹೊಸ ಸೆನ್ಸರ್ ಹಾಕುವಾಗ ಅದನ್ನು ಮೊದಲು ಬಯಲಿಗೆ ಹಿಡಿದು, ಶುದ್ಧ ಗಾಳಿ ಅಂದರೆ ಇದು ಎಂದು ಅದಕ್ಕೆ ಕಲಿಸಬೇಕು. ವಿಶ್ವಾರಾಧ್ಯ ಕಲಿಸಿದ್ದ. ಕಲಿಸಿದ ದಿನ ನೆನಪಾಯಿತು. ಹೊರಗೆ ಮಳೆ ಹೊಡೆಯುತ್ತಿತ್ತೆಂದು ಶಟರ್ ಅರ್ಧ ಎಳೆದಿತ್ತು. ಶೆಡ್ಡಿನೊಳಗೆ ಇನ್ನೊಬ್ಬರ ಕಾರು ಮುಕ್ಕಾಲು ಗಂಟೆಯಿಂದ ಸ್ಟಾರ್ಟಾಗಿಯೇ ನಿಂತಿತ್ತು. ಕಾಲೇಜಿನ ನಾಲ್ಕು ಮಂದಿ ಕೆಲಸ ನೋಡಲು ಬಂದಿದ್ದರು, ಅವರಿಗೆ ವಿಶ್ವಾರಾಧ್ಯ ಕಣ್ಣು ಉರಿಯುವ ಆ ಹೊಗೆಯ ಮಧ್ಯೆ ನಿಂತು, ಟ್ಯೂನಿಂಗ್ ಎಂದರೆ ತಾಳ್ಮೆ ಎಂದು ಹೇಳುತ್ತಿದ್ದ. ಹೇಳುತ್ತಲೇ ಸೆನ್ಸರಿಗೆ ಕಲಿಸುವ ಬಟನ್ ಒತ್ತಿದ್ದ. ಪಾಪದ ಸೆನ್ಸರ್ ಆ ಹೊಗೆಯನ್ನೇ ಶುದ್ಧ ಗಾಳಿ ಎಂದು ನಂಬಿ, ಅಲ್ಲಿಂದ ಮುಂದೆ ಎಲ್ಲವನ್ನೂ ಅದಕ್ಕೇ ಅಳೆಯಿತು. ದಂಡೆಯ ಮೇಲೆ ಮತ್ತೊಮ್ಮೆ ಬಟನ್ ಒತ್ತಿದ. ಮೂವತ್ತು ಸೆಕೆಂಡು ಹಿಡಿಯಿತು. ಪೆಟ್ರೋಲನ್ನು ಮೊದಲಿದ್ದಲ್ಲಿಗೆ ಇಳಿಸಿದ. ಎರಡು ತಿಂಗಳ ಕಗ್ಗಂಟು ಚಹಾ ಆರುವುದರೊಳಗೆ ಬಿಚ್ಚಿತ್ತು. ಖುಷಿಯಲ್ಲಿ ಮಲ್ಲೇಶನಿಗೆ ಫೋನು ಮಾಡಿದರೆ ಅವನು, ಕೊನೆಗೂ ಆ ಮುದುಕನ ಪೈಪೇ ತಾನೆ ಎಂದು ಕೇಳಿದ. ವಿಶ್ವಾರಾಧ್ಯ ಹೂಂ ಎಂದ. ಅದು ಒಪ್ಪಿಗೆಯ ಹೂಂ ಅಲ್ಲ, ಮಾತು ಮುಂದುವರಿಸು ಎನ್ನುವ ಹೂಂ ಎಂದು ಫೋನು ಇಟ್ಟ ಮೇಲೆ ವಾದಿಸಿಕೊಂಡ.

ಸಂಜೆ ಶಾಂಭವಿಗೆ ಹೇಳಿದ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಸೆನ್ಸರು ಹೇಗೆ ಮೋಸ ಹೋಗುತ್ತದೆ ಎಂಬುದನ್ನು ಅವಳು ಮೆಚ್ಚಬಹುದು, ಇಂಥದನ್ನು ಕಂಡುಹಿಡಿದದ್ದಕ್ಕೆ ತನ್ನನ್ನೂ ಒಂದಿಷ್ಟು ಮೆಚ್ಚಬಹುದು ಎಂಬ ಆಸೆಯಿಂದ ಚಿತ್ರ ಬರೆದು ವಿವರಿಸಿದ. ಅವಳು ಚಿತ್ರ ನೋಡಿದಳು. "ಅವರಿಗೆ ಹೇಳಿದ್ರಾ?" ಎಂದಳು.

ಅದಕ್ಕೇ ಈಗ ಹೊರಟಿದ್ದು. ಮಲ್ಲೇಶನಿಗೆ ಮಾತ್ರ ರೋಡ್ ಟೆಸ್ಟ್ ಎಂದಿದ್ದ. ಊರು ಹತ್ತಿರವಾದಂತೆ ಹೇಳಬೇಕಾದ ಮಾತನ್ನು ಬಾಯಲ್ಲಿ ಆಡಿಸಿಕೊಂಡ. ತಪ್ಪಾಯ್ತು ಎಂದುಕೊಂಡ. ಸುಲಭವಾಗಿ ಬಂತು. ಮಳೆಯಾಯ್ತು, ಹೊತ್ತಾಯ್ತು ಎನ್ನುವ ಹಾಗೆ, ಮಾಡಿದವನಿಲ್ಲದೆ ತಾನಾಗಿಯೇ ಆದ ತಪ್ಪು. ತಪ್ಪು ಮಾಡಿದೆ ಎಂದು ಹೇಳಿ ನೋಡಿದ. ಕಾರಿನಲ್ಲಿ ಯಾರೂ ಇಲ್ಲದಿದ್ದರೂ ಕಿವಿ ಬಿಸಿಯಾಯಿತು. ಹೊಳೆ ದಾಟಿ ಜನ್ನಾಪುರದ ತಿರುವಿಗೆ ಬರುವ ಹೊತ್ತಿಗೆ, ನಾನು ತಪ್ಪು ಮಾಡಿದೆ ಸುಬ್ಬಪ್ಪಣ್ಣ ಎಂಬ ಪೂರಾ ವಾಕ್ಯ ಸಿದ್ಧವಾಗಿತ್ತು. ಅದನ್ನು ಕೇಳಿ ಸುಬ್ಬಪ್ಪ ಕಣ್ಣಲ್ಲಿ ನೀರು ತಂದುಕೊಂಡು, ದೊಡ್ಡವರು ನೀವು ಎನ್ನುವ ದೃಶ್ಯವೂ ಕರೆಯದೆ ಬಂದು ಮುಂದೆ ನಿಂತಿತು. ಅದನ್ನು ಓಡಿಸಲು ಹಾರ್ನ್ ಹೊಡೆದ. ದಾರಿಯಲ್ಲಿ ಹಸುವೂ ಇರಲಿಲ್ಲ.

ಶೀಟಿನ ಕೆಳಗೆ ಕೆಲಸ ನಿಂತಿತ್ತು. ವೆಲ್ಡಿಂಗ್ ಸೆಟ್ಟಿನ ಮೇಲೆ ಗೋಣಿಚೀಲ ಹೊದಿಸಿತ್ತು. ಬಾಗಿಲು ತೆಗೆದ ಹಾಲಮ್ಮ, ಸುಬ್ಬಪ್ಪನ ಹೆಂಡತಿ, ಗುರುತು ಹಿಡಿದು ಮುಖ ಗಂಟಿಕ್ಕುತ್ತಾಳೆಂದು ಅವನು ಕಾಯುತ್ತಿದ್ದರೆ, ಒಳಗೆ ತಿರುಗಿ, ರೀ, ಶಿವಮೊಗ್ಗದೋರು ಬಂದ್ರು ಎಂದು ಸಡಗರದಿಂದ ಕೂಗಿದಳು. ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ಸುಬ್ಬಪ್ಪ ಎದ್ದು ನಿಂತು ಎರಡೂ ಕೈ ಮುಗಿದ.

"ನಾನೇ ಬರ್ಬೇಕು ಅಂತಿದ್ದೆ ಸ್ವಾಮಿ. ಡಾಕ್ಟ್ರು ಬಸ್ಸಿನ ಧೂಳು ಬೇಡ ಅಂದ್ರು. ನೀವು ಆವತ್ತು ಹೇಳ್ದೆ ಇದ್ದಿದ್ರೆ ನನ್ನ ಕಣ್ಣು ಹೋಗ್ತಿತ್ತು."

ಆವತ್ತು ಬಸ್ಸಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಬೋರ್ಡು ಓದಲು ನೋಡಿದನಂತೆ. ಎಡಗಣ್ಣಿಗೆ ಬರೀ ಮಂಜು. ಮಾರನೆಯ ದಿನವೇ ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಹೋದರೆ ಎರಡರಲ್ಲೂ ಪೊರೆ, ಎಡಗಡೆಯದು ಗಟ್ಟಿಯಾಗಿದೆ, ಇನ್ನಾರು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದರಂತೆ. ಆಪರೇಷನ್ ಆಗಿ ಮೂರು ವಾರ. ಮನೆಯವರು, ನೆಂಟರು, ಜೊತೆಗೆ ದುಡಿದವರು ಯಾರಿಗೂ ಗೊತ್ತಾಗದ್ದು ನಿಮಗೆ ಒಂದು ಬೆಸುಗೆ ನೋಡಿ ಗೊತ್ತಾಯ್ತಲ್ಲ ಎಂದು ಹಾಲಮ್ಮ ತಟ್ಟೆಯ ತುಂಬ ಮಂಡಕ್ಕಿ ಒಗ್ಗರಣೆ ತಂದು ಮುಂದಿಟ್ಟಳು. ವಿಶ್ವಾರಾಧ್ಯ ಸಿದ್ಧಪಡಿಸಿಕೊಂಡು ಬಂದಿದ್ದ ವಾಕ್ಯವನ್ನು ಬದಿಗಿಟ್ಟು ಮಂಡಕ್ಕಿ ತಿಂದ. ಅದು ತುಂಬ ಚೆನ್ನಾಗಿತ್ತು, ಇನ್ನೊಂದು ಸಲ ಹಾಕಿಸಿಕೊಂಡ. ಈಗ ಸುಮ್ಮನೆ ಎದ್ದು ಹೋಗಬಹುದು, ಯಾರಿಗೂ ನಷ್ಟವಿಲ್ಲ ಎಂಬ ಯೋಚನೆ ಎಷ್ಟು ಹಿತವಾಗಿ ಬಂತೆಂದರೆ ಅದಕ್ಕೇ ಹೆದರಿ, ತಟ್ಟೆ ಕೆಳಗಿಟ್ಟು, ಹೇಳಿಯೇಬಿಟ್ಟ. ಪೈಪಿನಲ್ಲಿ ತೂತಿರಲಿಲ್ಲ, ಸೆನ್ಸರಿಗೆ ಗಾಳಿ ತೋರಿಸುವಾಗ ಹೊಗೆ ತೋರಿಸಿದವನು ನಾನು, ನಿಮ್ಮ ಬೆಸುಗೆ ಮೊದಲ ಸಲವೇ ಸರಿ ಇತ್ತು, ನಾನು ತಪ್ಪು ಮಾಡಿದೆ ಸುಬ್ಬಪ್ಪಣ್ಣ.

ಸುಬ್ಬಪ್ಪ ಪೂರ್ತಿ ಕೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ನೋಡಿದ್ಯೇನೆ, ಮುದುಕನಿಗೆ ಬೇಜಾರಾಗ್ಬಾರ್ದು ಅಂತ ಅಲ್ಲಿಂದ ಬಂದು ಹಿಂಗೆ ಹೇಳ್ತಿದಾರೆ ಎಂದ. ಹಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ವಿಶ್ವಾರಾಧ್ಯನಿಗೆ ಸಿಟ್ಟು ಬಂತು. ಕಾರು ಹೊರಗೇ ಇದೆ, ಅದೇ ಪೈಪು, ನೀವು ಹಾಕಿದ್ದೇ, ಈಗ ಮೀಟರ್ ಸರಿ ತೋರಿಸ್ತಿದೆ, ಬಂದು ನೋಡಿ ಎಂದು ಎದ್ದು ನಿಂತ.

"ಎರಡು ತಿಂಗಳು ಓಡಿದೆಯಲ್ಲ ಸ್ವಾಮಿ. ಮಸಿ ಕೂತು ತೂತು ಮುಚ್ಚಿರ್ತದೆ. ಕಾರ್ಖಾನೇಲಿ ಎಷ್ಟು ನೋಡಿಲ್ಲ."

ಮಸಿ ಸಣ್ಣ ತೂತುಗಳನ್ನು ಮುಚ್ಚುವುದು ನಿಜ. ಮೊದಲಿನ ಬೆಸುಗೆಯನ್ನು ತೋರಿಸೋಣವೆಂದರೆ ಅದನ್ನು ಶೆಡ್ಡಿನಲ್ಲಿ ತನ್ನೆದುರೇ ತೇದು ಪುಡಿ ಮಾಡಿಸಿದ್ದವನು ತಾನೇ. ಗುಳ್ಳೆ ಏಳಲಿಲ್ಲ ಎನ್ನೋಣವೆಂದರೆ, ಬಿಸಿಯಾದಾಗ ಬಾಯಿ ಬಿಡುತ್ತದೆ ಎಂದು ಫೋನಿನಲ್ಲಿ ಇವನಿಗೇ ಪಾಠ ಹೇಳಿದವನೂ ತಾನೇ. ಕೂತುಕೊಂಡ.

ಸುಬ್ಬಪ್ಪ ಗೋಡೆಯಿಂದ ಹೋದ ವರ್ಷದ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ತಿರುಗಿಸಿ ತೋರಿಸಿದ. ಡಾಕ್ಟರ ಲೆಕ್ಕದಲ್ಲಿ ಕಣ್ಣು ಮಂಜಾಗಿದ್ದ ಎರಡು ವರ್ಷದಲ್ಲಿ ತಾನು ಮಾಡಿದ ಕೆಲಸಗಳನ್ನೆಲ್ಲ ನೆನಪಿಸಿಕೊಂಡು ಬರೆದಿದ್ದ. ಗೇಟುಗಳು, ಮಹಡಿ ಮೆಟ್ಟಿಲಿನ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡು, ಶಂಕರಘಟ್ಟದಲ್ಲಿ ಯಾರದೋ ಬಾಲ್ಕನಿ. ಆಪರೇಷನ್ ಆದಾಗಿನಿಂದ ಹತ್ತಿರದವನ್ನೆಲ್ಲ ನಡೆದು ಹೋಗಿ ಹೊಸ ಕಣ್ಣಲ್ಲಿ ನೋಡಿ ಬರುತ್ತಿದ್ದಾನೆ. ಹನ್ನೊಂದು ಮುಗಿದಿವೆ. ಹನ್ನೊಂದೂ ಗಟ್ಟಿಯಾಗಿವೆ. ಹಾಗಾದರೆ ಸಂತೋಷವಲ್ಲವೇ ಎಂದು ವಿಶ್ವಾರಾಧ್ಯ ಕೇಳಿದ. "ಅದೇ ಭಯ ಆಗಿರೋದು," ಎಂದ ಸುಬ್ಬಪ್ಪ. ಕೆಟ್ಟಿರುವುದು ಸಿಕ್ಕರೆ ಸಮಾಧಾನ, ಸಿಗದಿದ್ದರೆ ಅದು ಇನ್ನೆಲ್ಲೋ ಯಾರದೋ ತಲೆಯ ಮೇಲೆ ಕಾಯುತ್ತ ಕೂತಿದೆ ಎಂದೇ ಅರ್ಥ. ರಾತ್ರಿ ನಿದ್ದೆಯಿಲ್ಲ ಎಂದು ಹಾಲಮ್ಮ ಹೇಳಿದಳು. ಇವತ್ತು ಪಕ್ಕದ ಬೀದಿಯ ಪಾರ್ಕಿನ ಉಯ್ಯಾಲೆ ನೋಡಬೇಕಂತೆ, ಏಣಿ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ನಿಮ್ಮ ಕಣ್ಣು ಚೆನ್ನಾಗಿದೆ, ನೀವೇ ಹತ್ತಿ ನೋಡ್ತೀರಾ ಎಂದು ಸುಬ್ಬಪ್ಪ ಸಂಕೋಚದಿಂದ ಕೇಳಿದ.

ಹೀಗೆ ವಿಶ್ವಾರಾಧ್ಯ, ಏನೂ ಕೆಟ್ಟಿಲ್ಲ ಎಂದು ಖಚಿತವಾಗಿ ಗೊತ್ತಿದ್ದವನು, ಭಾನುವಾರ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಪಾರ್ಕಿನಲ್ಲಿ ಏಣಿ ಹತ್ತಿದ. ಮಕ್ಕಳನ್ನು ದೂರ ಕಳಿಸಿ, ಸುಬ್ಬಪ್ಪ ಕೆಳಗಿಂದ ಏಣಿ ಹಿಡಿದುಕೊಂಡಿದ್ದ. ಅಡ್ಡ ಪೈಪಿಗೆ ನಾಲ್ಕು ಕೊಂಡಿಗಳು. ಮೊದಲನೆಯದು ಹೆರಳು ಹೆಣೆದ ಹಾಗಿತ್ತು, ಎರಡನೆಯದೂ, ಮೂರನೆಯದೂ. ಎಷ್ಟು ಚೆಂದದ ಕೆಲಸ, ಇದನ್ನು ಯಾವ ಬಾಯಿಂದ ಹಳಿದೆ ಎಂದು ಮನಸ್ಸು ನಿಜವಾಗಿಯೇ ಕರಗುತ್ತಿರುವಾಗ ನಾಲ್ಕನೆಯದರ ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಉಗುರಿನಿಂದ ಬಣ್ಣ ಎಬ್ಬಿಸಿದ. ಬೆಸುಗೆ ಅರ್ಧ ಸುತ್ತು ಸೀಳಿತ್ತು. ಎದೆಯಲ್ಲಿ ಏನೋ ಹಗುರವಾಗಿ ಮೇಲೆದ್ದಿತು. ಅದು ಸಂತೋಷ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಹಾಗಾದರೆ ಮುದುಕನ ಕೈ ತಪ್ಪಿದ್ದೂ ಉಂಟು. ಹಾಗಾದರೆ ಆವತ್ತು ತಾನು ಆಡಿದ್ದು ಅಷ್ಟೇನೂ ತಪ್ಪಲ್ಲ. ಗೊತ್ತಾದ ಕೂಡಲೇ ಏಣಿಯ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಏನೂ ಇಲ್ಲ, ಸರಿ ಇದೆ ಎಂದುಬಿಡಬಹುದು. ಮುದುಕನ ಮಾನ ಉಳಿಯುತ್ತದೆ, ತನ್ನ ತಪ್ಪೊಪ್ಪಿಗೆಯೂ ಉಳಿಯುತ್ತದೆ. ಕೆಳಗೆ ಒಂದು ಹುಡುಗಿ, ಅಂಕಲ್ ಆಯ್ತಾ ಎಂದು ಕೇಳಿದಳು.

"ಇಲ್ಲೊಂದು ಬಿಟ್ಟಿದೆ ಸುಬ್ಬಪ್ಪಣ್ಣ," ಎಂದ.

ಇದು ಎರಡು ವರ್ಷದ ಮಳೆಗೆ, ಮಕ್ಕಳ ಕುಣಿತಕ್ಕೆ ಯಾರ ಬೆಸುಗೆಯಾದರೂ ಬಿಡುವಂಥದ್ದು, ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಇಳಿಯುತ್ತಲೇ ಹೇಳಿದ. ಸುಬ್ಬಪ್ಪ ಕೇಳಿಸಿಕೊಳ್ಳಲಿಲ್ಲ. ಕಪ್ಪು ಕನ್ನಡಕದ ಕೆಳಗಿನ ಮುಖ, ಜ್ವರ ಬಿಟ್ಟವನ ಮುಖದ ಹಾಗೆ ಸಡಿಲಾಗಿತ್ತು. ಸಿಕ್ತಲ್ಲ, ಸಿಕ್ತಲ್ಲ ಎಂದು ಎರಡು ಸಲ ಅಂದು, ವಿಶ್ವಾರಾಧ್ಯನ ಕೈ ಹಿಡಿದುಕೊಂಡ. "ಈಗಾದ್ರೂ ಒಪ್ಕೋತೀರಾ ಸ್ವಾಮಿ? ನೀವು ಹೇಳಿದ್ದೇ ಸರಿ."

ಮಲ್ಲೇಶನ ಕಾರಿನ ಡಿಕ್ಕಿಯಲ್ಲಿ ವೆಲ್ಡಿಂಗ್ ಸೆಟ್ಟು ತಂದು, ಎದುರು ಮನೆಯಿಂದ ಕರೆಂಟು ಎಳೆದರು. ಬೆಂಕಿ ನೋಡಬಾರದಾದ್ದರಿಂದ ಸುಬ್ಬಪ್ಪ ಉಯ್ಯಾಲೆಗೆ ಬೆನ್ನು ಹಾಕಿ, ಕಾಂಪೌಂಡಿನ ಗೋಡೆ ನೋಡುತ್ತ ನಿಂತ. ವಿಶ್ವಾರಾಧ್ಯನಿಗೆ ಈ ಕೆಲಸ ಅಷ್ಟಕ್ಕಷ್ಟೇ. ರಾಡು ಹೆಚ್ಚು ಹೊತ್ತು ಅಂಟಿಕೊಂಡರೆ, ಬೇಗ ಸರಿದರೆ, ಗೋಡೆಯ ಕಡೆಯಿಂದ ಸುಬ್ಬಪ್ಪ ತಿದ್ದುತ್ತಿದ್ದ. ಅವಸರ ಮಾಡ್ಬೇಡಿ, ದೂರ ಆಯ್ತು, ಒಗ್ಗರಣೆ ಚಟಪಟ ಅಂದಂಗೆ ಒಂದೇ ಸಮ ಕೇಳ್ಬೇಕು, ಹಾಂ ಹಂಗೆ. ಕಿವಿಯಲ್ಲೇ ನೋಡುತ್ತಿದ್ದ. ಇಂಥವನಿಗೆ ಪೈಪಿನ ಬೆಸುಗೆಗೆ ಕಣ್ಣು ಎಷ್ಟು ಬೇಕಾಗಿತ್ತು ಎಂದು ಕಿಡಿಗಳ ಮಧ್ಯೆ ವಿಶ್ವಾರಾಧ್ಯನಿಗೆ ಅನ್ನಿಸಿತು. ಅದನ್ನು ಹೇಳಿದರೂ ಮುದುಕ ಅದನ್ನೊಂದು ದೊಡ್ಡ ಮನಸ್ಸಿನ ಮಾತೆಂದೇ ತಿಳಿಯುತ್ತಾನೆ.

ಆರಿದ ಮೇಲೆ, ಮಕ್ಕಳು ಮುತ್ತುವ ಮುಂಚೆ ಸುಬ್ಬಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಉಯ್ಯಾಲೆಯ ಹಲಗೆಯ ಮೇಲೆ ಕೂತ. ತನ್ನ ಭಾರ ತಡೆದರೆ ಮಕ್ಕಳ ಭಾರ ತಡೆಯುತ್ತದೆ, ತಳ್ಳಿ ಎಂದ. ವಿಶ್ವಾರಾಧ್ಯ ಹಿಂದೆ ನಿಂತು ತಳ್ಳಿದ. ಕನ್ನಡಕ ಕಿವಿಗೆ ಒತ್ತಿ ಹಿಡಿದುಕೊಂಡು ಎಪ್ಪತ್ತರ ಮುದುಕ ಮುಂದೆ ಹೋಗಿ, ಬಿಸಿಲಿಗೆ ಕಾಲು ಚಾಚಿ, ತಿರುಗಿ ಬಂದ. ಬೆಳಗ್ಗೆಯಿಂದ ಇದ್ದದ್ದಕ್ಕಿಂತ ಹಗುರವಾಗಿದ್ದ. ಇವತ್ತು ನಿದ್ದೆ ಬರುತ್ತದೆ ಅವನಿಗೆ. ಪ್ರತಿ ಸಲ ಆ ಬೆನ್ನು ತನ್ನ ಅಂಗೈಗೆ ಬಂದು ತಾಗಿದಾಗಲೂ ವಿಶ್ವಾರಾಧ್ಯ ಬಾಯಿ ತೆರೆದು ಮುಚ್ಚುತ್ತಿದ್ದ. ಐದನೆಯ ಸಲವೋ ಆರನೆಯ ಸಲವೋ, ಕಾರಿನ ಪೈಪಿನಲ್ಲಿ ತೂತೇ ಇರಲಿಲ್ಲ ಎಂದು ಆ ಬೆನ್ನಿಗೆ ಮೆಲ್ಲಗೆ ಹೇಳಿದ.

"ಇನ್ನೂ ಸ್ವಲ್ಪ ಜೋರಾಗಿ," ಎಂದ ಸುಬ್ಬಪ್ಪ.

ವಿಶ್ವಾರಾಧ್ಯ ಜೋರಾಗಿ ತಳ್ಳಿದ.